ಇಂಗ್ಲಿಷ್ ಬಾರದಿದ್ದರೂ ‘ಒಥೆಲೊ’ ನಾಟಕವನ್ನು ಕನ್ನಡಕ್ಕೆ ತಂದ ಬಸವಪ್ಪ ಶಾಸ್ತ್ರಿ

ಮೈಸೂರು ದಸರಾ ಬಂತೆಂದರೆ ‘ಕಾಯೌ ಶ್ರೀಗೌರಿ’ ಗೀತೆ ನೆನಪಾಗುತ್ತದೆ. ಅದನ್ನು ಬರೆದ ಬಸವಪ್ಪ ಶಾಸ್ತ್ರಿಗಳೇ ಶೇಕ್ಸ್‌ಪಿಯರ್‌ನ ‘ಒಥೆಲೊ’ ನಾಟಕವನ್ನು ಕನ್ನಡಕ್ಕೆ ತಂದವರು ಎಂಬುದು ಹಲವರಿಗೆ ಗೊತ್ತಿಲ್ಲ.

1843ರಲ್ಲಿ ಜನಿಸಿದ ಶಾಸ್ತ್ರಿಗಳು ಬೆಳೆದದ್ದು ಮೈಸೂರು ಅರಮನೆಯ ಆಶ್ರಯದಲ್ಲಿ. ತಂದೆ ಮಹಾದೇವ ಶಾಸ್ತ್ರಿ ಮುಮ್ಮಡಿ ಕೃಷ್ಣರಾಜ ಒಡೆಯರ ಆಸ್ಥಾನದಲ್ಲಿದ್ದರು. ಗರಳಪುರಿ ಶಾಸ್ತ್ರಿಗಳ ಬಳಿ ಸಂಸ್ಕೃತ ಕಲಿತ ಮಗ ಮುಂದೆ ಆಸ್ಥಾನ ಕವಿಯಾದರು. ಚಾಮರಾಜೇಂದ್ರ ಒಡೆಯರ ಕಾಲದಲ್ಲಿ ಅರಮನೆಯ ನಾಟಕ ಮಂಡಳಿ ಶುರುವಾದಾಗ ರಂಗಕ್ಕೆ ಒಗ್ಗುವ ಕನ್ನಡ ನಾಟಕಗಳು ಬೇಕಾಗಿದ್ದವು. ಶಾಸ್ತ್ರಿಗಳು ಕಾಳಿದಾಸನ ಶಾಕುಂತಲವನ್ನು ಕನ್ನಡಕ್ಕೆ ತಂದು ‘ಅಭಿನವ ಕಾಳಿದಾಸ’ ಎನಿಸಿಕೊಂಡರು.

ನಂತರ ಬಂದದ್ದು ಒಥೆಲೊ. ಶಾಸ್ತ್ರಿಗಳಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಇಂಗ್ಲಿಷ್ ಬಲ್ಲ ಸಿ. ಸುಬ್ಬರಾಯರು ನೆರವಾದರು. ಅವರಿಂದ ಕಥೆಯನ್ನು ತಿಳಿದುಕೊಂಡು ಶಾಸ್ತ್ರಿಗಳು ‘ಶೂರಸೇನ ಚರಿತ್ರೆ’ ರಚಿಸಿದರು. ವೆನಿಸ್‌ನ ದಂಡನಾಯಕ ಕನ್ನಡದಲ್ಲಿ ಶೂರಸೇನನಾದ.

ಎರಡೂ ಮೂಲ ಕಥೆಗಳಲ್ಲಿ ಗಂಡ ಹೆಂಡತಿಯ ನಂಬಿಕೆ ನಿಂತಿರುವುದು ಒಂದು ಸಣ್ಣ ವಸ್ತುವಿನ ಮೇಲೆ. ಕಳೆದ ಉಂಗುರ ಸಿಕ್ಕಾಗ ದುಷ್ಯಂತನಿಗೆ ಮಡದಿ ನೆನಪಾಗುತ್ತಾಳೆ. ಕೈತಪ್ಪಿದ ಕರವಸ್ತ್ರ ನೋಡಿ ಒಥೆಲೊ ಮಡದಿಯನ್ನೇ ಕೊಲ್ಲುತ್ತಾನೆ. ಯುದ್ಧ ಗೆದ್ದವನು ಅನುಮಾನಕ್ಕೆ ಸೋಲುವ ಈ ಕಥೆಗೆ ಯಾವ ಭಾಷೆಯೂ ಅಡ್ಡಿಯಾಗಲಿಲ್ಲ.

1891ರಲ್ಲಿ ಶಾಸ್ತ್ರಿಗಳು ತೀರಿಕೊಂಡಾಗ ಇನ್ನೂ ಐವತ್ತು ತುಂಬಿರಲಿಲ್ಲ. ಶೇಕ್ಸ್‌ಪಿಯರ್ ನಾಟಕಗಳು ಕನ್ನಡಕ್ಕೆ ಬರುವುದು ಮಾತ್ರ ನಿಲ್ಲಲಿಲ್ಲ. 1930ರ ದಶಕದಲ್ಲಿ ಕುವೆಂಪು ‘ಹ್ಯಾಮ್ಲೆಟ್’ ಆಧರಿಸಿ ‘ರಕ್ತಾಕ್ಷಿ’ ಬರೆದರು.