ವಾಲಚಂದ ಹೀರಾಚಂದರು ಮತ್ತು ನಮ್ಮ ಕಾರಖಾನೆ

ಓಝರಿನ ವಿಮಾನ ಕಾರಖಾನೆಯ ಅನ್ನ ಉಂಡ ಕನ್ನಡ ಮನೆಗಳಲ್ಲಿ ನಾವು ನೆನೆಯಬೇಕಾದ ಹೆಸರು ಸೇಠ ವಾಲಚಂದ ಹೀರಾಚಂದರದು. ಕನ್ನಡ, ಮರಾಠಿ ಎರಡೂ ಕೂಡಿ ಬಾಳುವ ಸೋಲಾಪುರದಲ್ಲಿ 1882ರಲ್ಲಿ ಹುಟ್ಟಿದ ಈ ಜೈನ ವರ್ತಕರು ಗುತ್ತಿಗೆ, ಹಡಗು, ಸಕ್ಕರೆ ಎಲ್ಲಕ್ಕೂ ಕೈಹಾಕಿದರು. ನಮ್ಮ ನಾಶಿಕ ಜಿಲ್ಲೆಯ ರಾವಳಗಾಂವದಲ್ಲಿ ಸಕ್ಕರೆ ಕಾರಖಾನೆ ಕಟ್ಟಿದವರೂ ಅವರೇ. ಮೈಸೂರು ಸಂಸ್ಥಾನವು ನೆಲ ಕೊಟ್ಟು ಪಾಲುಹಣವನ್ನೂ ಹಾಕಲು, 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಹುಟ್ಟಿತು. ಮರುವರ್ಷವೇ ಅಲ್ಲಿ ಜೋಡಿಸಿದ ಹಾರ್ಲೊ ತರಬೇತಿ ವಿಮಾನ ಆಕಾಶಕ್ಕೇರಿತು.

ಅಷ್ಟರಲ್ಲಿ ಜಪಾನೀಯರು ಆಂಗ್ಲರ ವಶದಲ್ಲಿದ್ದ ಬರ್ಮಾದೊಳಕ್ಕೆ ನುಗ್ಗಿದರು. 1942ರ ಮಾರ್ಚ್ 8ರಂದು ರಂಗೂನು ಅವರ ಕೈಸೇರಿತು. ಏಪ್ರಿಲ್ 6ರಂದು ವಿಶಾಖಪಟ್ಟಣದ ಮೇಲೆ ಬಾಂಬು ಬಿದ್ದವು; ವಾಲಚಂದರ ಹಡಗು ಕಟ್ಟುವ ಕೆಲಸ ನಡೆದಿದ್ದುದೂ ಅಲ್ಲಿಯೇ. ಶತ್ರು ಹೊಸ್ತಿಲಿಗೆ ಬಂದಿರುವಾಗ ವಿಮಾನ ಕಾರಖಾನೆ ಖಾಸಗಿ ಕೈಯಲ್ಲಿರುವುದು ಬೇಡವೆಂದು ಭಾರತ ಸರಕಾರ ಅದೇ ತಿಂಗಳು ಅವರ ಪಾಲನ್ನು ಕೊಂಡುಕೊಂಡಿತು. ಹೊಸ ವಿಮಾನ ಕಟ್ಟುವುದು ಹಿಂದೆ ಬಿದ್ದು ಯುದ್ಧವಿಮಾನಗಳ ದುರಸ್ತಿ ಮುಂದಾಯಿತು. 1943ರಲ್ಲಿ ಅಮೆರಿಕನ್ ವಾಯುಸೇನೆ ಆಡಳಿತವನ್ನೇ ವಹಿಸಿಕೊಂಡಿತು. ಹಣ ಬಂದರೇನು, ಹೆತ್ತ ಕೂಸನ್ನು ಕೊಟ್ಟುಬಿಟ್ಟಂತಾಗಿರಬೇಕೆಂದು ನಮ್ಮ ಎಣಿಕೆ.

ವಾಲಚಂದರು 1953ರಲ್ಲಿ ತೀರಿಕೊಂಡರು. ಅವರು ಹುಟ್ಟಿಸಿದ ಸಂಸ್ಥೆಯು ಮಿಗ್ ವಿಮಾನಗಳಿಗಾಗಿ ಏರ್ಪಟ್ಟ ಇನ್ನೊಂದು ಸಂಸ್ಥೆಯೊಡನೆ ಕೂಡಿ 1964ರಲ್ಲಿ ಎಚ್.ಎ.ಎಲ್. ಆಯಿತು, ಓಝರಿನ ಕಾರಖಾನೆಯೂ ಅದರೊಳಗೆ ಬಂತು.