ಶ್ರೀ ಅಲ್ಲಮಪ್ರಭುದೇವರ ಸಂಚಾರಯೋಗ

ಸವಳಂಗದಲ್ಲಿ ಮೂರು ದಾರಿಗಳು ಕೂಡುತ್ತವೆ. ಒಂದು ಶಿವಮೊಗ್ಗೆಗೂ, ಒಂದು ನ್ಯಾಮತಿ ಹೊನ್ನಾಳಿಗಳಿಗೂ, ಇನ್ನೊಂದು ಶಿಕಾರಿಪುರಕ್ಕೂ ಹೋಗುವುದು. ಈ ಕಡೆಯ ದಾರಿಯನ್ನು ಹಿಡಿದು, ಶಿಕಾರಿಪುರವನ್ನು ದಾಟಿ, ಶಿರಾಳಕೊಪ್ಪದವರೆಗೆ ಸಾಗಿದವರಿಗೆ ಅದರ ಸಮೀಪದಲ್ಲಿಯೇ ಬಳ್ಳಿಗಾವೆಯು ದೊರೆಯುವುದು. ಶರಣಧರ್ಮದ ಚರಿತ್ರೆಯಲ್ಲಿ ಈ ಸೀಮೆಯ ಭಾಗ್ಯವು ಅಸಾಧಾರಣವಾದುದು. ಅಕ್ಕಮಹಾದೇವಿಯವರು ಹುಟ್ಟಿದ ಉಡುತಡಿಯೂ, ಅಲ್ಲಮಪ್ರಭುದೇವರು ಹುಟ್ಟಿದ ಬಳ್ಳಿಗಾವೆಯೂ ಇದೇ ಸೀಮೆಯವು. ಇಬ್ಬರೂ ಹುಟ್ಟಿದೂರನ್ನು ಬಿಟ್ಟು ಕಾಲ್ನಡೆಯಿಂದಲೇ ಕಲ್ಯಾಣವನ್ನು ಸೇರಿದರು. ಇಬ್ಬರೂ ಶ್ರೀಶೈಲದ ಕದಳಿಯಲ್ಲಿ ಐಕ್ಯರಾದರೆಂದು ಸಂಪ್ರದಾಯವು ಸಾರುತ್ತದೆ. ಇವರಲ್ಲಿ ಪ್ರಭುದೇವರ ಬಾಳಂತೂ ಮೊದಲಿನಿಂದ ಕಡೆಯವರೆಗೆ ಸಂಚಾರವೇ ಆಗಿದ್ದಿತು. ನಡೆಯುವುದನ್ನೇ ಧ್ಯಾನವನ್ನಾಗಿ ಮಾಡಿಕೊಂಡ ಆ ಮಹಾಜಂಗಮರ ಚರಿತ್ರೆಯನ್ನು ಸ್ಮರಿಸುವುದು ಈ ಮಹೋತ್ಸವದ ಕಾಲದಲ್ಲಿ ಉಚಿತವಾಗಿದೆ.

ಪ್ರಭುದೇವರು ಹುಟ್ಟಿದ ಹನ್ನೆರಡನೆಯ ಶತಮಾನದಲ್ಲಿ ಬಳ್ಳಿಗಾವೆಯು ಸಾಮಾನ್ಯವಾದ ಊರಾಗಿರಲಿಲ್ಲ. ಬನವಾಸಿ ಪನ್ನಿರ್ಛಾಸಿರ ನಾಡಿಗೆ ಅದು ರಾಜಧಾನಿಯಾಗಿದ್ದಿತು. ಕೇದಾರೇಶ್ವರ, ತ್ರಿಪುರಾಂತಕೇಶ್ವರ ಮೊದಲಾದ ದೇವಾಲಯಗಳೂ, ಮಠಗಳೂ, ವರ್ತಕರ ಬೀದಿಗಳೂ ಅಲ್ಲಿ ತುಂಬಿದ್ದುವು. ಕೇದಾರೇಶ್ವರನ ಸನ್ನಿಧಿಯಲ್ಲಿದ್ದ ಕೋಡಿಯಮಠದ ವೈಭವವನ್ನು ೧೧೬೨ನೆಯ ಇಸವಿಯ ಶಾಸನವೊಂದು ವಿಸ್ತಾರವಾಗಿ ವರ್ಣಿಸಿದೆ. ಅಲ್ಲಿ ವೇದಶಾಸ್ತ್ರ ವ್ಯಾಕರಣಗಳ ಪಾಠ ನಡೆಯುತ್ತಿದ್ದಿತು; ದೀನರಿಗೂ ಅನಾಥರಿಗೂ ಅನ್ನವು ದೊರೆಯುತ್ತಿದ್ದಿತು; ರೋಗಿಗಳಿಗೆ ಔಷಧೋಪಚಾರವಾಗುತ್ತಿದ್ದಿತು. ನೆಲೆನಿಂತ ಮಠವೊಂದು ಮಾಡಬಹುದಾದ ಉಪಕಾರಕ್ಕೆ ಇದಕ್ಕಿಂತ ಮೇಲಾದ ನಿದರ್ಶನವು ವಿರಳ. ಇಂತಹ ನೆಲೆಗಳಿದ್ದ ಊರಿನಲ್ಲಿಯೇ ಎಲ್ಲಿಯೂ ನೆಲೆನಿಲ್ಲದ ಪುರುಷರೊಬ್ಬರು ಹುಟ್ಟಿದುದು ವಿಚಾರಮಾಡತಕ್ಕ ಸಂಗತಿಯಾಗಿದೆ.

ಪ್ರಭುದೇವರ ಪೂರ್ವಾಶ್ರಮವನ್ನು ಕವಿಗಳು ಎರಡು ಬಗೆಯಾಗಿ ಹೇಳಿದ್ದಾರೆ. ಹರಿಹರ ಮಹಾಕವಿಯ ರಗಳೆಯಂತೆ ಅಲ್ಲಮನು ದೇವಾಲಯದಲ್ಲಿ ಮದ್ದಳೆಯನ್ನು ಬಾರಿಸುವುದರಲ್ಲಿ ನಿಪುಣನಾದ ತರುಣನು. ಕಮಲತೆಯೆಂಬ ಕನ್ಯೆಯಲ್ಲಿ ಅನುರಕ್ತನಾಗಿ ಅವಳನ್ನು ವರಿಸಿದನು. ಆ ಸುಖವು ಬಹುಕಾಲ ನಿಲ್ಲಲಿಲ್ಲ. ಕಮಲತೆಯು ಜ್ವರದಿಂದ ತೀರಿಹೋದಳು. ಅಲ್ಲಮನು ದುಃಖದಿಂದ ಮತಿಗೆಟ್ಟು ಅವಳ ಹೆಸರನ್ನೇ ಹಲುಬುತ್ತ ಊರಹೊರಗೆ ಅಲೆದನು. ಹಾಗೆ ಅಲೆಯುತ್ತ ಒಂದು ತೋಪಿನಲ್ಲಿ ಕುಳಿತು, ಕಾಲ ಉಗುರಿನಿಂದ ನೆಲವನ್ನು ಕೆರೆಯುತ್ತಿರಲು ಮಣ್ಣಿನಲ್ಲಿ ಹುದುಗಿದ್ದ ಚಿನ್ನದ ಕಳಶವೊಂದು ಕಾಣಿಸಿತು. ಅಗೆಯಿಸಿ ನೋಡಲು ದೇವಾಲಯವೇ ದೊರೆಯಿತು. ಒಳಗೆ ಅನಿಮಿಷಯ್ಯನೆಂಬ ಯೋಗಿಯು ಕರಸ್ಥಲದಲ್ಲಿ ಲಿಂಗವನ್ನು ಹಿಡಿದು, ಎವೆಯಿಕ್ಕದೆ ನೋಡುತ್ತ ಕುಳಿತಿದ್ದನು. ಆ ಲಿಂಗವು ಅಲ್ಲಮನ ಕೈಗೆ ಬಂದೊಡನೆ ಅನಿಮಿಷನು ಬಯಲಾದನು.

ಪ್ರೌಢದೇವರಾಯನ ಕಾಲದ ಚಾಮರಸನಾದರೋ ತನ್ನ ಪ್ರಭುಲಿಂಗಲೀಲೆಯಲ್ಲಿ ಈ ಕಥೆಯನ್ನು ಒಪ್ಪಲಿಲ್ಲ. ಅವನ ಮತದಲ್ಲಿ ಪ್ರಭುದೇವರು ನಿರಹಂಕಾರ ಸುಜ್ಞಾನಿಯರ ಮಗನಾಗಿ ತೋರಿದ ಪರಶಿವನೇ. ಬನವಾಸಿಯ ಮಾಯೆಯು ಅವರನ್ನು ಒಲಿಸಲಾರದೆ ಸೋತಳು. ಭಕ್ತರಿಗೆ ಎರಡೂ ಪೂಜ್ಯವಾದ ಕಾವ್ಯಗಳೇ. ಆದರೂ ಮನೆಯಲ್ಲಿ ಸಾವನ್ನು ಕಂಡವರಿಗೆ ಹರಿಹರನ ಕಥೆಯು ಹತ್ತಿರವಾಗುವುದು. ಅದರಲ್ಲಿ ಅಲೆದಾಟವು ಮೊದಲು, ಅರಿವು ಅನಂತರ.

ಲಿಂಗವು ಕೈಗೆ ಬಂದ ಮೇಲೆ ಅಲ್ಲಮನು ಮನೆಗೆ ಹಿಂದಿರುಗಲಿಲ್ಲ. ಮೊದಲು ಹೇಗೋ ಅನಂತರವೂ ಹಾಗೆಯೇ ನಡೆಯುತ್ತ ಹೋದನು. ಹೊರಗಿನಿಂದ ನೋಡುವವರಿಗೆ ಈ ಎರಡು ನಡೆಗಳೂ ಒಂದೇ. ಮನೆಯಿಲ್ಲ, ಬಂಧುಗಳಿಲ್ಲ, ಇಂತಹ ಊರಿಗೆಂಬ ಗೊತ್ತಿಲ್ಲ. ಒಳಗಿನ ಭೇದವಾದರೋ ಭೂಮ್ಯಾಕಾಶಗಳಷ್ಟು. ಮೊದಲಿನ ನಡೆಯಲ್ಲಿ ಕಾಲುಗಳು ಇಲ್ಲಿದ್ದು ಮನಸ್ಸು ಕಳೆದುಹೋದುದರ ಹಿಂದೆ ಓಡುತ್ತಿದ್ದಿತು. ಎರಡನೆಯ ನಡೆಯಲ್ಲಿ ಕಾಲು ಎಲ್ಲಿಯೋ ಮನಸ್ಸೂ ಅಲ್ಲಿಯೇ ಇದ್ದಿತು. ಧ್ಯಾನವೆಂಬುದು ಇದಕ್ಕಿಂತ ಬೇರೆಯಲ್ಲ. ಕಣ್ಣುಮುಚ್ಚಿ ಕುಳಿತವನ ಮನಸ್ಸು ಸಂತೆಯಲ್ಲಿರುವುದುಂಟು; ಸಂತೆಗೆ ನಡೆದುಹೋಗುವವನ ಮನಸ್ಸು ಲಿಂಗದಲ್ಲಿರುವುದೂ ಉಂಟು.

ಇದು ಸಾಧ್ಯವಾಗುವಂತೆ ಮಾಡಿದುದು ಇಷ್ಟಲಿಂಗಧಾರಣೆ. ಗುಡಿಯ ದೇವರನ್ನು ಪೂಜಿಸುವವನು ಗುಡಿಗೆ ಹಿಂದಿರುಗಲೇಬೇಕು. ಅಂಗದ ಮೇಲೆ ಲಿಂಗವನ್ನು ಧರಿಸಿದವನಿಗೆ ಹಿಂದಿರುಗತಕ್ಕ ಸ್ಥಳವಿಲ್ಲ. ಅವನು ಹೋದಲ್ಲೆಲ್ಲ ದೇವಾಲಯವೇ. ಜಂಗಮವೆಂಬ ಶಬ್ದಕ್ಕೆ ಚಲಿಸುವುದೆಂದೇ ಅರ್ಥ. ಕನ್ನಡದ ನಡೆಯೆಂಬ ಮಾತಿನಲ್ಲಿಯೂ ಕಾಲಿನ ಚಲನೆ, ಬಾಳಿನ ಆಚಾರ ಇವೆರಡೂ ಅಡಗಿವೆ. ಪ್ರಭುದೇವರಲ್ಲಿ ಈ ಎರಡು ಅರ್ಥಗಳೂ ಒಂದಾದುವು.

ಅವರ ಸಂಚಾರವು ಲೋಕವನ್ನು ಬಿಟ್ಟು ಓಡುವುದಾಗಿರಲಿಲ್ಲ. ಯಾರಾದರೂ ಒಂದೆಡೆ ಸಿಕ್ಕಿಕೊಂಡುದನ್ನು ಕಂಡಲ್ಲಿ ಅವರು ನಿಲ್ಲುತ್ತಿದ್ದರು. ಅವರನ್ನು ಬಿಡಿಸಿದ ಮೇಲೆ ಮುಂದೆ ಸಾಗುತ್ತಿದ್ದರು. ಶೂನ್ಯಸಂಪಾದನೆಯಲ್ಲಿ ಮುಕ್ತಾಯಕ್ಕನು ತನ್ನ ಅಣ್ಣನೂ ಗುರುವೂ ಆದ ಅಜಗಣ್ಣನನ್ನು ಕಳೆದುಕೊಂಡು ಶೋಕಿಸುತ್ತಿರುವಲ್ಲಿಗೆ ಅವರು ಬಂದರೆಂದಿದೆ. ಪ್ರಭುದೇವರು ಅವಳನ್ನು ಬರಿಯ ಸಾಂತ್ವನದಿಂದ ಸಮಾಧಾನಪಡಿಸಲಿಲ್ಲ. ಅವಳ ಪ್ರಶ್ನೆಗಳನ್ನೆಲ್ಲ ಕೇಳಿ, ಅರಿವಿನಲ್ಲಿ ಅವಳನ್ನು ಸಮಳೆಂದು ಗಣಿಸಿ ಉತ್ತರಕೊಟ್ಟರು. ಶೋಕದಿಂದ ಅಲೆದ ಕಾಲುಗಳೇ ಶೋಕಿಸುವವಳ ಬಳಿಗೆ ಬಂದು ನಿಂತುವೆಂದು ಎರಡು ಕಥೆಗಳನ್ನೂ ಬಲ್ಲ ಭಕ್ತರು ತಿಳಿಯಬಹುದು.

ಸೊನ್ನಲಿಗೆಯ ಸಿದ್ಧರಾಮೇಶ್ವರರ ಪ್ರಸಂಗವು ಇದಕ್ಕಿಂತ ಕಠಿನವಾದುದು. ಸಿದ್ಧರಾಮರು ಲೋಕೋಪಕಾರಕ್ಕಾಗಿ ಸಾವಿರಾರು ಒಡ್ಡರಿಂದ ಕೆರೆಯನ್ನು ಕಟ್ಟಿಸುತ್ತಿದ್ದರು. ದಾರಿಯಲ್ಲಿ ಬಂದ ಪ್ರಭುದೇವರು ಆ ಮಹಾಕಾರ್ಯವನ್ನು ಲಘುವಾಗಿ ನುಡಿಯಲು ಕೆಲಸಗಾರರು ಸಿಟ್ಟಾಗಿ ಕಲ್ಲುಗಳನ್ನೆಸೆದರು. ಸಿದ್ಧರಾಮರೂ ಕೆರಳಿದರು. ಕಡೆಯಲ್ಲಿ ಅರಿತು, ಪ್ರಭುದೇವರ ಜೊತೆಯಲ್ಲಿ ಕಲ್ಯಾಣಕ್ಕೆ ಹೊರಟರು. ಮಳೆಯನ್ನು ನಂಬಿ ಬಾಳುವ ನಮ್ಮ ನಾಡಿನಲ್ಲಿ ಕೆರೆಯ ಬೆಲೆಯನ್ನು ಯಾರೂ ಹೇಳಿಕೊಡಬೇಕಾದುದಿಲ್ಲ. ಪ್ರಭುದೇವರ ಆಕ್ಷೇಪವು ಕೆರೆಯ ಮೇಲಿನದಲ್ಲ; ಕಟ್ಟಿದವನು ತಾನೆಂಬ ಭಾವದ ಮೇಲಿನದು. ಕಟ್ಟಿದುದರ ಬಳಿಯಲ್ಲಿಯೇ ಮನಸ್ಸು ಕಟ್ಟಿಹೋದರೆ ನೀರು ಊರಿಗೆ ದೊರೆತರೂ ಕಟ್ಟಿದವನಿಗೆ ದಾಹವು ತೀರದು.

ಕಲ್ಯಾಣದಲ್ಲಿಯೂ ಹೀಗೆಯೇ ನಡೆಯಿತು. ಪ್ರಭುದೇವರು ಮಹಾಮನೆಯ ಬಾಗಿಲಿಗೆ ಬಂದಾಗ ಬಸವಣ್ಣನವರು ಲಿಂಗಪೂಜೆಯಲ್ಲಿದ್ದರು. ಹಡಪದ ಅಪ್ಪಣ್ಣನು ಬಂದು ಕರೆದರೂ ಪ್ರಭುದೇವರು ಒಳಕ್ಕೆ ಕಾಲಿಡಲಿಲ್ಲ. ಬಾಗಿಲಲ್ಲಿ ಜಂಗಮವು ನಿಂತಿರಲು ಒಳಗಿನ ಪೂಜೆಯು ಪೂರ್ಣವಾಗದೆಂಬುದನ್ನು ಚೆನ್ನಬಸವಣ್ಣನವರು ತಿಳಿಯಪಡಿಸಿದರು. ಬಸವಣ್ಣನವರು ತಾವೇ ಎದ್ದು ಬಂದು ಬರಮಾಡಿಕೊಂಡರು. ಮಂತ್ರಿಪದವಿಯಲ್ಲಿದ್ದ ಮಹಾಪುರುಷನು ದಾರಿಹೋಕನಿಗಾಗಿ ಬಾಗಿಲಿಗೆ ಬಂದುದರಲ್ಲಿ ಶರಣಧರ್ಮದ ಸಾರವೆಲ್ಲ ಅಡಗಿದೆ.

ಅನುಭವಮಂಟಪದಲ್ಲಿ ಶೂನ್ಯಸಿಂಹಾಸನಕ್ಕೆ ಪ್ರಭುದೇವರೇ ಅಧ್ಯಕ್ಷರಾದರು. ಆದರೆ ಸಿಂಹಾಸನವೂ ಅವರನ್ನು ನಿಲ್ಲಿಸಲಾರದೆ ಹೋಯಿತು. ಅವರು ಕಲ್ಯಾಣವನ್ನು ಬಿಟ್ಟು ಲೋಕಸಂಚಾರಕ್ಕೆ ಹೋದುದನ್ನೂ, ಮರಳಿ ಬಂದುದನ್ನೂ ಶೂನ್ಯಸಂಪಾದನಕಾರರು ಹೇಳಿದ್ದಾರೆ. ಸಂಚಾರದಲ್ಲಿ ಎದುರಾದ ಗೋರಕ್ಷನು ತನ್ನ ವಜ್ರಕಾಯದ ಮೇಲೆ ಖಡ್ಗದಿಂದ ಹೊಡೆಯಿಸಿಕೊಂಡನು. ಖಡ್ಗವು ಖಣಿಲೆಂದಿತೇ ಹೊರತು ಗಾಯವಾಗಲಿಲ್ಲ. ಅದೇ ಖಡ್ಗವು ಪ್ರಭುದೇವರ ದೇಹದಲ್ಲಿ ಬಯಲಿನಲ್ಲಿ ಬೀಸಿದಂತೆ ತಡೆಯಿಲ್ಲದೆ ಹಾದುಹೋಯಿತು. ದೇಹವನ್ನು ಕಲ್ಲಾಗಿಸಿ ಉಳಿಸಿಕೊಂಡವನಿಗಿಂತ ಏನನ್ನೂ ಉಳಿಸಿಕೊಳ್ಳದವನು ಹಿರಿಯನಾದನು.

ಸುಮಾರು ೧೧೬೭ರ ಹೊತ್ತಿಗೆ ಕಲ್ಯಾಣದಲ್ಲಿ ವಿಪ್ಲವವಾಗಿ ಶರಣರು ದಿಕ್ಕುದಿಕ್ಕಿಗೆ ಚದರಿದರು. ಮಹಾಮನೆಯೂ ಮಂಟಪವೂ ಹಾಳಾದುವು. ಉಳಿದುದು ನಡೆದುಹೋದವರು ಹೊತ್ತುಕೊಂಡುಹೋದುದು ಮಾತ್ರ. ಪ್ರಭುದೇವರ ೧೬೦೦ಕ್ಕೂ ಮಿಕ್ಕ ವಚನಗಳು ನಮ್ಮವರೆಗೆ ಬಂದಿರುವುದು ಅಂತಹ ಕಾಲುಗಳ ಉಪಕಾರದಿಂದಲೇ. ಮುಂದೆ ಪ್ರೌಢದೇವರಾಯನ ಕಾಲದಲ್ಲಿ ನೂರೊಂದು ವಿರಕ್ತರು ಆ ಪರಂಪರೆಯನ್ನು ಎತ್ತಿಹಿಡಿದರು. ಶೂನ್ಯಪೀಠದ ಪರಂಪರೆಯವರಾದ ಎಡೆಯೂರ ತೋಂಟದ ಸಿದ್ಧಲಿಂಗ ಯತೀಶ್ವರರು ಏಳುನೂರೊಂದು ವಿರಕ್ತರೊಡನೆ ನಾಡನ್ನು ಸಂಚರಿಸಿ ಧರ್ಮವನ್ನು ಬೋಧಿಸಿದರೆಂಬುದು ಪ್ರಸಿದ್ಧವಾಗಿದೆ. ಮಠಗಳಲ್ಲಿ ಚರಮೂರ್ತಿಗಳಿಗೆ ಸಲ್ಲುವ ಗೌರವಕ್ಕೆ ಮೂಲವು ಇಲ್ಲಿಯೇ ಇರುವುದು.

ಕೋಡಿಯಮಠದ ಅನ್ನ ವಿದ್ಯೆ ಔಷಧಗಳು ಇಂದು ಶಾಸನದ ಕಲ್ಲಿನಲ್ಲಿ ಮಾತ್ರ ಉಳಿದಿವೆ. ಅದರಿಂದ ನೆಲೆನಿಂತ ಮಠಗಳು ವ್ಯರ್ಥವೆಂದು ಭಾವಿಸಬಾರದು. ಹಸಿದವನಿಗೆ ಅನ್ನವನ್ನಿಡಲು ಒಲೆಯು ಒಂದೆಡೆ ಇರಲೇಬೇಕು. ಆದರೆ ಗೋಡೆಗಳಿಗೆ ಎಷ್ಟು ವರ್ಷವಾಯಿತೆಂಬುದರಿಂದ ಮಠದ ಆಯುಸ್ಸನ್ನು ಅಳೆಯಲಾಗದು. ಅಲ್ಲಿಂದ ಹೊರಟ ಶಿಷ್ಯರ ನಡೆಯಲ್ಲಿ ಲಿಂಗವು ಎಷ್ಟು ದೂರದವರೆಗೆ ಜೊತೆಯಾಗಿರುವುದೆಂಬುದೇ ಅದರ ಅಳತೆ.

ಸವಳಂಗದ ದಾರಿಗಳಲ್ಲಿ ಇಂದು ವಾಹನಗಳು ಓಡುತ್ತವೆ. ಶ್ರೀಶೈಲದವರೆಗೆ ನಡೆಯುವ ಶಕ್ತಿಯು ಎಲ್ಲರಿಗೂ ಇರಲಾರದು. ಅದು ಎಲ್ಲರಿಗೂ ಅಗತ್ಯವೂ ಅಲ್ಲ. ಮನೆಯಿಂದ ಹೊಲಕ್ಕೆ, ಹೊಲದಿಂದ ಕೆರೆಗೆ, ಮನೆಯಿಂದ ಮಠಕ್ಕೆ ದಿನವೂ ನಡೆಯುವ ದಾರಿಯೊಂದು ಪ್ರತಿಯೊಬ್ಬರಿಗೂ ಇದ್ದೇ ಇದೆ. ಆ ದಾರಿಯಲ್ಲಿ ಎದೆಯ ಮೇಲಿನ ಲಿಂಗವನ್ನು ನೆನೆದು, ಮಾತನ್ನು ಕಡಿಮೆಮಾಡಿ, ಹೆಜ್ಜೆಯಿದ್ದಲ್ಲಿಯೇ ಮನಸ್ಸನ್ನಿರಿಸಿ, ಎದುರಿಗೆ ದುಃಖಿಯು ಬಂದರೆ ನಿಂತು ಕೇಳಿ, ಅನಂತರ ಮುಂದೆ ಸಾಗುವುದು ಗೃಹಸ್ಥರಿಗೂ ಸಾಧ್ಯವಾದ ಸಾಧನೆ. ಬಳ್ಳಿಗಾವೆಯ ತೋಪಿನಲ್ಲಿ ಒಬ್ಬ ದುಃಖಿಯ ಕಾಲಿಗೆ ದೊರೆತ ಕಳಶವು ಭಕ್ತಕೋಟಿಯ ನಿತ್ಯದ ದಾರಿಯಲ್ಲಿಯೂ ದೊರೆಯುವಂತೆ ಶ್ರೀ ಪ್ರಭುದೇವರು ಅನುಗ್ರಹಿಸಲಿ. ಸರ್ವರಿಗೂ ಮಂಗಳವಾಗಲಿ.