ಕಲ್ಲಚ್ಚಿನ ಜನಕ ಸೆನೆಫೆಲ್ಡರ್

ಅಲೋಯಿಸ್ ಸೆನೆಫೆಲ್ಡರ್ ವಿಜ್ಞಾನಿಯಲ್ಲ. ಹೊಟ್ಟೆಪಾಡಿಗೆ ದಾರಿ ಹುಡುಕುತ್ತಿದ್ದ ನಾಟಕಕಾರ. 1771ರ ನವೆಂಬರ್ 6ರಂದು ಪ್ರಾಗ್ ನಗರದಲ್ಲಿ ಜನಿಸಿದ. ತಂದೆ ಬವೇರಿಯದ ಮ್ಯೂನಿಕ್‌ನಲ್ಲಿ ನಟ. ಮಗ ಕಾನೂನು ಓದುತ್ತಿದ್ದಾಗಲೇ ತಂದೆ ತೀರಿಕೊಂಡದ್ದರಿಂದ ಓದು ನಿಂತಿತು. ಮನೆಯಲ್ಲಿ ದೊಡ್ಡ ಸಂಸಾರ. ನಾಟಕ ಬರೆದು ಮುದ್ರಿಸಿದರೆ ಅಚ್ಚಿನ ಖರ್ಚೂ ಹುಟ್ಟಲಿಲ್ಲ. ತಾನೇ ಮುದ್ರಿಸೋಣವೆಂದರೆ ಮೊಳೆ ಕೊಳ್ಳಲು ಹಣವಿಲ್ಲ. ತಾಮ್ರದ ತಗಡಿನ ಮೇಲೆ ಅಕ್ಷರಗಳನ್ನು ತಿರುಗುಮುರುಗಾಗಿ ಬರೆಯಲು ಕಲಿತ. ತಗಡೂ ತುಟ್ಟಿ. ಕೊನೆಗೆ ನುಣುಪಾದ ಸುಣ್ಣಕಲ್ಲಿನ ಮೇಲೆ ಅಭ್ಯಾಸ ನಡೆಸಿದ.

1796ರಲ್ಲಿ ಒಂದು ದಿನ ಬಟ್ಟೆ ಒಗೆಯುವವಳು ಬಾಗಿಲಲ್ಲಿ ಕಾದಿದ್ದಳು. ಕೊಡುವ ಬಟ್ಟೆಗಳ ಪಟ್ಟಿ ಬರೆದುಕೊಳ್ಳಲು ತಾಯಿ ಹೇಳಿದಳು. ಕಾಗದದ ಚೂರೂ ಕೈಗೆ ಸಿಗಲಿಲ್ಲ. ಮೇಣ, ಸಾಬೂನು, ದೀಪದ ಮಸಿ ಬೆರೆಸಿ ಮಾಡಿಕೊಂಡಿದ್ದ ಶಾಯಿಯಿಂದ ಕಲ್ಲಿನ ಮೇಲೆಯೇ ಬರೆದಿಟ್ಟ. ಅದನ್ನು ಒರಸುವ ಮುನ್ನ ಆಮ್ಲ ಸುರಿದು ನೋಡುವ ಮನಸ್ಸಾಯಿತು. ಶಾಯಿ ಇದ್ದೆಡೆ ಆಮ್ಲ ತಾಗಲಿಲ್ಲ, ಉಳಿದ ಕಲ್ಲು ಸವೆಯಿತು. ಅಕ್ಷರಗಳು ಇಸ್ಪೀಟೆಲೆಯ ದಪ್ಪದಷ್ಟು ಎದ್ದು ನಿಂತವು.

ಉಪಾಯವೇನೋ ಸಿಕ್ಕಿತು, ಬಂಡವಾಳ? 200 ಗಿಲ್ಡರ್ ಆಸೆಗೆ ಬೇರೊಬ್ಬನ ಬದಲು ಸೈನ್ಯಕ್ಕೆ ಸೇರಲು ಹೊರಟ. ಪ್ರಾಗ್‌ನಲ್ಲಿ ಹುಟ್ಟಿದವನು ಬವೇರಿಯದವನಲ್ಲವೆಂದು ತಿರುಗಿ ಕಳಿಸಿದರು. ಗಡಿಯಾಚೆ ಹುಟ್ಟಿದ್ದು ಅವನಿಗಂದು ಅಡ್ಡಿಯಾಯಿತು. ಲೋಕಕ್ಕೆ ಮಾತ್ರ ಲಾಭವೇ ಆಯಿತೆನ್ನಬೇಕು.

1798ರ ಸುಮಾರಿಗೆ ಆತ ಆಮ್ಲದ ಕೊರೆತವನ್ನು ಬದಿಗಿಟ್ಟು ಸುಲಭದ ದಾರಿ ಹಿಡಿದ. ಜಿಡ್ಡಿಗೂ ನೀರಿಗೂ ಆಗದು. ಜಿಡ್ಡಿನ ಶಾಯಿಯಲ್ಲಿ ಬರೆದು ಕಲ್ಲನ್ನು ಒದ್ದೆ ಮಾಡಿದರೆ ಅಚ್ಚಿನ ಮಸಿ ಬರಹಕ್ಕಷ್ಟೇ ಹತ್ತುತ್ತದೆ. 1809ರಲ್ಲಿ ಬವೇರಿಯದ ಭೂಮಾಪನ ನಕ್ಷೆಗಳ ಕಲ್ಲಚ್ಚಿಗೆ ಸರಕಾರ ಅವನನ್ನೇ ಮೇಲ್ವಿಚಾರಕನನ್ನಾಗಿ ನೇಮಿಸಿತು. 1818ರಲ್ಲಿ ತನ್ನ ವಿದ್ಯೆಯನ್ನೆಲ್ಲ ಪುಸ್ತಕವಾಗಿ ಬರೆದು ಹೊರಗಿಟ್ಟ. 1834ರ ಫೆಬ್ರವರಿ 26ರಂದು ಮ್ಯೂನಿಕ್‌ನಲ್ಲಿ ನಿಧನನಾದ.

ಒಂಬತ್ತು ವರ್ಷಗಳ ಬಳಿಕ, ನಮ್ಮ ಕಾಸರಗೋಡೂ ಸೇರಿದ್ದ ಅಂದಿನ ಕೆನರಾ ಜಿಲ್ಲೆಯ ಮಂಗಳೂರಿನಲ್ಲಿ, ಬಾಸೆಲ್ ಮಿಶನ್ನಿನ ಮೋಗ್ಲಿಂಗ್ ಹೊರಡಿಸಿದ ಮೊದಲ ಕನ್ನಡ ಪತ್ರಿಕೆ ‘ಮಂಗಳೂರ ಸಮಾಚಾರ’ ಅಚ್ಚಾದದ್ದು ಕಲ್ಲಚ್ಚಿನಲ್ಲೇ. ಆಫ್‌ಸೆಟ್ ಯಂತ್ರಗಳು ನಡೆಯುವುದೂ ಜಿಡ್ಡು-ನೀರಿನ ಅದೇ ಹಗೆತನದಿಂದ.

ಆತ ಬದಿಗಿಟ್ಟ ಆ ಮೊದಲ ಉಪಾಯದ ತತ್ತ್ವವೇ ಇಂದು ಕಂಪ್ಯೂಟರ್ ಚಿಪ್ಪಿನಲ್ಲಿದೆ. ಸಿಲಿಕಾನ್ ಬಿಲ್ಲೆಗೆ ಬೆಳಕು ತಾಗಿದರೆ ಬದಲಾಗುವ ಲೇಪ ಹಚ್ಚಿ, ಅದರ ಮೇಲೆ ನಕ್ಷೆಯನ್ನು ಬೆಳಕಿನಿಂದ ಮೂಡಿಸಿ, ಬೇಡದ ಲೇಪ ತೊಳೆದು, ತೆರೆದ ಭಾಗವನ್ನು ಕೊರೆಯುತ್ತಾರೆ. ಲೇಪ ಉಳಿದೆಡೆ ಕೊರೆತವಿಲ್ಲ, ಅಂದು ಶಾಯಿ ಇದ್ದೆಡೆ ಇರಲಿಲ್ಲವಲ್ಲ, ಹಾಗೆಯೇ. ಅತಿ ಸೂಕ್ಷ್ಮ ಕೆಲಸಕ್ಕೆ 13.5 ನ್ಯಾನೊಮೀಟರ್ ಅಲೆಯುದ್ದದ ಬೆಳಕು ಬೇಕು. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು ನ್ಯಾನೊಮೀಟರ್. ಕಲ್ಲು ಹೋಗಿ ಸಿಲಿಕಾನ್ ಬಂದರೂ ಆ ಕಸುಬಿನ ಹೆಸರು ಲಿಥೋಗ್ರಫಿ. ಗ್ರೀಕ್ ಭಾಷೆಯಲ್ಲಿ ಲಿಥೋಸ್ ಎಂದರೆ ಕಲ್ಲು.